ಹದಿನಾರೂವರೆ ಡಿಗ್ರಿ

ಶೋವ್ಡೆ
ಸ್ವೀಡನ್
ಜನವರಿ 27, 2025

ಅಮ್ಮಾ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಅಪ್ಪನೇ ಎತ್ತಿದರು. ಒಮ್ಮೆ ನೀನು ಪೇಪರ್ ತಿದ್ದುತ್ತಿದ್ದೆಯಂತೆ, ಒಮ್ಮೆ ಸ್ನಾನಕ್ಕೆ ಹೋಗಿದ್ದೆಯಂತೆ, ಒಮ್ಮೆ ಸಂತೆಗೆ. ಕೊನೆಯ ಸಲ ಅಪ್ಪನಿಗೆ ಏನೂ ಹೊಳೆಯದೆ "ಇಲ್ಲೇ ಇದಾಳೆ, ಆದ್ರೆ ಇಲ್ಲ" ಅಂದರು. ಅದಕ್ಕೇ ಈ ಕಾಗದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ತಪ್ಪು ಹುಡುಕುವುದಕ್ಕಾದರೂ ಇದನ್ನು ಪೂರ್ತಿ ಓದುತ್ತೀಯ ಎಂಬ ನಂಬಿಕೆ ನನಗಿದೆ.

ಅಹನಾ ಚೆನ್ನಾಗಿದ್ದಾಳೆ. ಇದನ್ನೇ ಮೊದಲು ಬರೆಯಬೇಕಿತ್ತು. ಕೆಮ್ಮು ನಿಂತಿದೆ, ಹಾಲು ಸರಿಯಾಗಿ ಕುಡಿಯುತ್ತಾಳೆ, ಎಂಟು ವಾರಕ್ಕೆ ನಾಲ್ಕು ಕಿಲೋ ಏಳುನೂರು ಗ್ರಾಂ ಆಗಿದ್ದಾಳೆ.

ಮನೆ ಮಾತ್ರ ಹಾಗೇ ಇದೆ. ಇವತ್ತು ಬೆಳಿಗ್ಗೆ ಮಲಗುವ ಕೋಣೆಯಲ್ಲಿ ಹದಿನೆಂಟು, ಅಡುಗೆಮನೆಯಲ್ಲಿ ಹದಿನೆಂಟೂವರೆ, ಮಗುವಿನ ತೊಟ್ಟಿಲ ಹತ್ತಿರ ಹದಿನೇಳು ಮುಕ್ಕಾಲು. ನೀನಿದ್ದಾಗಿನದಕ್ಕಿಂತ ಒಂದು ಡಿಗ್ರಿ ಹೆಚ್ಚು ಎಂದು ನಿನ್ನ ಅಳಿಯ ಅಭಿಜಿತ್ ಸಮಾಧಾನ ಹೇಳುತ್ತಾನೆ. ಹೊರಗೆ ಚಳಿ ಕಡಿಮೆಯಾಗಿದೆ, ಅಷ್ಟೇ. ಅಕ್ಟೋಬರಿನಲ್ಲಿ ಕೀಲಿಕೈ ಕೊಟ್ಟ ಮನೆ ಇದು. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಕಿಟಕಿಗೆ ಮೂರು ಪದರದ ಗಾಜು, ನೆಲದೊಳಗೆ ಬಿಸಿನೀರಿನ ಕೊಳವೆ, ಬಚ್ಚಲ ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಹೀಟ್ ಪಂಪ್. ಮನೆ ಕಟ್ಟಿದವರ ಬ್ರೋಷರಿನಲ್ಲಿ ಒಬ್ಬ ಹೆಂಗಸು ಹೊರಗಿನ ಹಿಮ ನೋಡುತ್ತಾ ಬರಿಗಾಲಿನಲ್ಲಿ ಕಾಫಿ ಹಿಡಿದು ನಿಂತಿದ್ದಾಳೆ. ಅವಳು ಎಲ್ಲಿದ್ದಾಳೆಂದು ಹುಡುಕಿ, ಫೋಟೋ ತೆಗೆದದ್ದು ಜುಲೈ ತಿಂಗಳಲ್ಲೇನು ಎಂದು ಕೇಳಬೇಕೆನಿಸುತ್ತದೆ.

ಕಟ್ಟಿದ ಕಂಪನಿಗೆ ಐದು ಸಲ ಬರೆದೆ. ಮೊದಲ ಉತ್ತರ: ನಿಮ್ಮ ದೂರು ತಲುಪಿದೆ, ಹದಿನೈದು ಕೆಲಸದ ದಿನಗಳೊಳಗೆ ನೋಡುತ್ತೇವೆ. ಎರಡನೆಯದು: ಹೊಸ ಮನೆ ಒಣಗಲು ಒಂದು ಚಳಿಗಾಲ ಬೇಕು. ಮೂರನೆಯದು: ನೆಲದ ಮೇಲೆ ಜಮಖಾನ ಹಾಸಿದ್ದರೆ ತೆಗೆಯಿರಿ. ನಾಲ್ಕನೆಯದು: ದಪ್ಪ ಕಾಲುಚೀಲ ಹಾಕಿಕೊಳ್ಳಿ. ಐದನೆಯದಕ್ಕೆ ಉತ್ತರವಿಲ್ಲ. ಇವರ ಜೊತೆ ಜಗಳವಾಡಲೂ ಆಗುವುದಿಲ್ಲ ಅಮ್ಮಾ. ನಾನು ದನಿ ಎತ್ತಿದರೆ ಅವರು ದನಿ ಇಳಿಸುತ್ತಾರೆ. ಕೊನೆಗೆ ನಾನೊಬ್ಬಳೇ ಕೂಗುತ್ತಿರುತ್ತೇನೆ.

ಈಗ ಆ ಸಂಜೆಯ ಮಾತು. ಹದಿನಾಲ್ಕನೇ ತಾರೀಕು. ಮಗುವಿನ ಪಕ್ಕೆ ಉಸಿರು ಉಸಿರಿಗೂ ಒಳಗೆ ಸೆಳೆಯುತ್ತಿತ್ತು, ಅಭಿಜಿತ್ ಹೊರಗೆ ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದ, ಗೋಡೆಯ ಥರ್ಮಾಮೀಟರಿನಲ್ಲಿ ಹದಿನಾರೂವರೆ ಎಂದಿತ್ತು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ನಾನು, "ನೀನು ಬಂದ್ಮೇಲೇನೇ ಈ ಮನೆ ತಣ್ಣಗಾಗಿದ್ದು. ಮಗೂಗೆ ಏನಾದ್ರೂ ಆದ್ರೆ ಅದು ನಿನ್ನಿಂದ" ಅಂದೆ. ನಾವು ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದು ವಾಪಸು ಬರುವಷ್ಟರಲ್ಲಿ ನೀನು ಟಿಕೆಟ್ ಬದಲಾಯಿಸಿ ಪೆಟ್ಟಿಗೆ ಕಟ್ಟಿದ್ದೆ.

ಆ ಮಾತು ಸುಳ್ಳು. ಮನೆಯನ್ನು ಬೈದರೆ ಕೇಳುವವರಿರಲಿಲ್ಲ, ನೀನು ಎದುರಿಗಿದ್ದೆ. ಅಷ್ಟೇ. ಫೋನ್ ಎತ್ತು.

ನಿನ್ನ
ಶ್ರದ್ಧಾ


ಅರಸೀಕೆರೆ
14-2-2025

ಶ್ರದ್ಧಾ,

ಇಲ್ಲಿ ನಾನೂ ನಿಮ್ಮಪ್ಪನೂ ಆರೋಗ್ಯವಾಗಿದ್ದೇವೆ. ನಿನ್ನ ಕಾಗದ ತಲುಪಿತು. ಮಗುವಿನ ತೂಕ ಓದಿ ಸಂತೋಷವಾಯಿತು. ಎಣ್ಣೆ ಹಚ್ಚುವುದನ್ನು ಬಿಡಬೇಡ. ಕಿವಿಯ ಹಿಂದೆಯೂ ಹಚ್ಚು, ಅಲ್ಲಿ ನೀನು ಮರೆಯುತ್ತೀಯ.

ಹತ್ತನೇ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ ಇತ್ತು, ಅದಕ್ಕೆ ಬೇಗ ಬಂದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಸಮಾಜ ಪಾಠದ ಶುಭಾ ಮೇಡಂ ನಂಬಲಿಲ್ಲ. ಬಾಣಂತನ ಮೂರು ತಿಂಗಳಲ್ವಾ ಟೀಚರ್, ಎರಡಕ್ಕೇ ಬಂದ್ರಲ್ಲ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ಆ ದೇಶದಲ್ಲಿ ಎಲ್ಲವೂ ಬೇಗ ಆಗುತ್ತದೆ ಎಂದೆ.

ನಿನ್ನ ಮನೆಯ ವಿಚಾರ. ಕೋಣೆಗೊಂದು ಅಂಕಿ ಬರೆದಿದ್ದೀಯ, ಸಂತೋಷ. ಯಾವ ಹೊತ್ತಿನಲ್ಲಿ ಎಂದು ಬರೆದಿಲ್ಲ. ಬೆಳಿಗ್ಗೆ ಎಂದರೆ ಆರು ಗಂಟೆಯೂ ಬೆಳಿಗ್ಗೆ, ಹನ್ನೊಂದೂ ಬೆಳಿಗ್ಗೆ. ಆದರೂ ಕಂಪನಿಯವರಿಗೆ ಇಷ್ಟೊಂದು ಬರೆದು ನಿನ್ನ ತಲೆ ಕೆಡಿಸಿಕೊಳ್ಳಬೇಡ. ಹಾಲು ಕೊಡುವ ತಾಯಿಗೆ ಕೋಪ ಒಳ್ಳೆಯದಲ್ಲ. ಒಂದು ಎಲೆಕ್ಟ್ರಿಕ್ ಹೀಟರ್ ತಂದು ಮಗುವಿನ ಕೋಣೆಯಲ್ಲಿಡು, ಚಳಿಗಾಲ ಮುಗಿದೇ ಹೋಗುತ್ತದೆ.

ಆ ಸಂಜೆಯ ಮಾತನ್ನು ಮರೆತಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅದನ್ನು ಬಿಟ್ಟು ಬೇರೆ ಏನಾದರೂ ಬರೆ. ಫೋನಿನಲ್ಲಿ ಈಗ ಬೇಡ.

ಅಮ್ಮ


ಶೋವ್ಡೆ
ಮಾರ್ಚ್ 3, 2025

ಅಮ್ಮಾ,

ಕಳೆದ ವಾರದವರೆಗಿನ ಲೆಕ್ಕ: ಬೆಳಿಗ್ಗೆ ಆರಕ್ಕೆ ಹದಿನೆಂಟು. ಒಂಬತ್ತಕ್ಕೆ ಹದಿನೆಂಟು. ಮಧ್ಯಾಹ್ನ ಎರಡಕ್ಕೆ ಹತ್ತೊಂಬತ್ತು, ಬಿಸಿಲಿದ್ದರೆ. ರಾತ್ರಿ ಹತ್ತಕ್ಕೆ ಮತ್ತೆ ಹದಿನೆಂಟು. ಸಾಕಾ ಟೀಚರ್?

ಬೇರೆ ಏನಾದರೂ ಬರೆ ಎಂದೆ. ನನ್ನ ಹತ್ತಿರ ಬೇರೆ ಏನೂ ಇಲ್ಲ. ಪಿಎಚ್‌ಡಿಗೆ ರಜೆ ಹಾಕಿ ಮನೆಯಲ್ಲಿ ಕೂತಿದ್ದೇನೆ, ಮನೆಯ ಚಳಿಯೇ ದಿನವಿಡೀ ನನ್ನ ಸಂಶೋಧನೆ. ಅಭಿಜಿತ್ ಎಂಜಿನ್ ಕಾರ್ಖಾನೆಯ ಬಿಸಿಯಲ್ಲಿ ಎಂಟು ಗಂಟೆ ಇದ್ದು ಬಂದು, "ಅಷ್ಟೇನೂ ಚಳಿ ಇಲ್ಲ ಕಣೇ" ಅನ್ನುತ್ತಾನೆ. ಒಂದು ದಿನ ಮಗುವನ್ನು ಅವನ ಕೈಗಿಟ್ಟು ಸ್ನೋ ಜಾಕೆಟ್ ಹಾಕಿಕೊಂಡು ಊಟಕ್ಕೆ ಕೂತೆ. ಅಂದಿನಿಂದ ಹಾಗೆ ಹೇಳುವುದನ್ನು ನಿಲ್ಲಿಸಿದ್ದಾನೆ.

ಕೊನೆಗೂ ಕಂಪನಿಯಿಂದ ಒಬ್ಬ ಮನುಷ್ಯ ಬಂದ. ಯೋರಾನ್ ಎಂದು ಹೆಸರು, ಸೈಟ್ ಮ್ಯಾನೇಜರ್, ಅರವತ್ತರ ಹತ್ತಿರ. ಶೂ ಬಿಚ್ಚಿಟ್ಟು ಒಳಗೆ ಬಂದು, ಮೊದಲು ನೆಲದ ಮೇಲೆ ಅಂಗೈ ಇಟ್ಟು ಕೂತ. ಆಮೇಲೆ ಫಿಕಾ, ಇವರ ಕಾಫಿ ವಿರಾಮ, ಆಯಿತು. ಈ ದೇಶದಲ್ಲಿ ಮನೆಗೆ ಬೆಂಕಿ ಬಿದ್ದರೂ ಮೊದಲು ಕಾಫಿ ಕುಡಿದೇ ಆರಿಸುತ್ತಾರೆ ಎನ್ನಿಸುತ್ತದೆ. ಕುಡಿಯುತ್ತಾ ಅವನು ಈ ಪಂಪ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದ. ಬಚ್ಚಲಿನ ಮತ್ತು ಅಡುಗೆಮನೆಯ ಬೆಚ್ಚಗಿನ ಗಾಳಿಯನ್ನು ಛಾವಣಿಯ ದುಂಡನೆಯ ತಟ್ಟೆಗಳ ಮೂಲಕ ಎಳೆದುಕೊಂಡು, ಅದರ ಶಾಖ ತೆಗೆದು, ಆ ಶಾಖವನ್ನೇ ನೆಲಕ್ಕೂ ನಲ್ಲಿಯ ನೀರಿಗೂ ಕೊಡುತ್ತದಂತೆ. ಗಾಳಿ ಎಳೆಯದಿದ್ದರೆ ಶಾಖವಿಲ್ಲ.

ಆಮೇಲೆ ಬಚ್ಚಲಿಗೆ ಹೋಗಿ ಮೇಲೆ ನೋಡಿದ. ಅಲ್ಲಿನ ತಟ್ಟೆಯನ್ನು ಪೂರ್ತಿ ತಿರುಗಿಸಿ ಮುಚ್ಚಲಾಗಿತ್ತು. ಯಾರು ಮುಚ್ಚಿದ್ದು ಎಂದು ಕೇಳಿದ. ನನಗೆ ಎಲ್ಲಿತ್ತೋ ಸಿಟ್ಟು. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟಿಲ್ಲ, ನಿಮ್ಮ ಕೆಲಸಗಾರರೇ ಹೀಗೆ ಬಿಟ್ಟು ಹೋಗಿದ್ದಾರೆ, ಮೂರು ತಿಂಗಳು ನನ್ನ ಮಗುವನ್ನು ಚಳಿಯಲ್ಲಿಟ್ಟಿದ್ದೀರಿ ಎಂದು ಹರಕು ಸ್ವೀಡಿಷ್‌ನಲ್ಲೇ ಬೈದೆ. ಮನುಷ್ಯ ತಲೆಯಾಡಿಸುತ್ತಾ ಎಲ್ಲವನ್ನೂ ಬರೆದುಕೊಂಡ. ತಟ್ಟೆಯನ್ನು ತೆರೆದ. ಎರಡು ದಿನಕ್ಕೆ ಮನೆ ಹತ್ತೊಂಬತ್ತೂವರೆ. ಅಮ್ಮಾ, ಆ ಎರಡು ದಿನ ನಾನು ಗೆದ್ದವಳ ಹಾಗೆ ಓಡಾಡಿದೆ.

ಇನ್ನೊಂದು ಸಂಗತಿ. ಆ ಪಂಪಿಗೆ ಆರು ತಿಂಗಳ ನೆನಪಿದೆಯಂತೆ. ಯಾವ ದಿನ, ಯಾವ ಹೊತ್ತಿನಲ್ಲಿ ಏನು ಮಾಡಿತು ಎಂದು ಎಲ್ಲವೂ ಅದರಲ್ಲಿ ದಾಖಲಾಗಿದೆ. ಯೋರಾನ್ ಅದನ್ನು ಇಳಿಸಿಕೊಂಡು ಹೋಗಿದ್ದಾನೆ. ಬರಲಿ ಅದು. ನೀನು ಬರುವ ಮುಂಚೆಯೂ ಈ ಮನೆ ಹೀಗೇ ಇತ್ತು ಎಂದು ತೋರಿಸಿ, ನಾನು ಹೇಳಿದ್ದು ಶುದ್ಧ ಸುಳ್ಳೆಂದು ನಿನಗೆ ಕಾಗದದ ಮೇಲೆ ರುಜುವಾತು ಮಾಡುತ್ತೇನೆ. ಬಾಯಿಮಾತಿನ ಕ್ಷಮೆ ನಿನಗೆ ಹಿಡಿಸುವುದಿಲ್ಲ, ಅದು ನನಗೆ ಗೊತ್ತು. ಆಮೇಲಾದರೂ ನೀನು ಜೂನ್‌ನಲ್ಲಿ ಬಾ. ವೀಸಾ ಜೂನ್ ಕೊನೆಯವರೆಗೂ ಇದೆ.

ನಿನ್ನ
ಶ್ರದ್ಧಾ


ಅರಸೀಕೆರೆ
18-3-2025

ಶ್ರದ್ಧಾ,

ಹತ್ತನೇ ತರಗತಿ ಪರೀಕ್ಷೆಯ ಕೆಲಸ ಹತ್ತಿರ ಬಂತು, ಉದ್ದ ಬರೆಯಲಾರೆ.

ಬಚ್ಚಲಿನ ಆ ತಟ್ಟೆಯನ್ನು ಮುಚ್ಚಿದ್ದು ನಾನು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ತಿರುಗಿಸಿದೆ. ನಿನಗೆ ನೀರು ಹಾಕುವಾಗ ಅದು ಬಿಸಿ ಆವಿಯನ್ನೆಲ್ಲ ಎಳೆದುಕೊಂಡು ಬೆನ್ನಿಗೆ ತಣ್ಣನೆ ಗಾಳಿ ತರುತ್ತಿತ್ತು. ಬಾಣಂತಿ ಬೆನ್ನಿಗೆ ಗಾಳಿ ತಾಗಬಾರದು. ಮತ್ತೆ ತೆರೆಯಬೇಕೆಂದು ನನಗೆ ತೋಚಲಿಲ್ಲ. ನೀನು ಆ ಯಜಮಾನರನ್ನು ಬೈದದ್ದು ತಪ್ಪಾಯಿತು, ಅವರ ಕ್ಷಮೆ ಕೇಳು. ಅವರ ಕೆಲಸದವರ ಮೇಲೆ ಹಾಕಿದ ತಪ್ಪನ್ನೂ ವಾಪಸು ತೆಗೆದುಕೋ.

ಮನೆ ಹತ್ತೊಂಬತ್ತೂವರೆಗೆ ಬಂತಲ್ಲ, ಇಲ್ಲಿಗೆ ನಿಲ್ಲಿಸು. ಆ ಪಂಪಿನ ದಾಖಲೆ ಗೀಖಲೆ ಏನೂ ಬೇಡ. ನನಗೆ ರುಜುವಾತು ಬೇಕಾಗಿಲ್ಲ. ನಾನು ಕೇಳಿದೆನಾ? ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಬರಲಾಗುವುದಿಲ್ಲ.

ಅಹನಾಳ ಫೋಟೋ ನಿಮ್ಮಪ್ಪನ ಫೋನಿಗೆ ಕಳಿಸು. ಅವರು ನನಗೆ ತೋರಿಸುತ್ತಾರೆ.

ಅಮ್ಮ


ಶೋವ್ಡೆ
ಏಪ್ರಿಲ್ 4, 2025

ಸೈಟ್ ಮ್ಯಾನೇಜರ್ ಯೋರಾನ್ ಅವರಿಗೆ,

ನಿಮ್ಮ ವರದಿ ಬಂದಿದೆ. ನನ್ನ ಸ್ವೀಡಿಷ್‌ನಲ್ಲಿ ತಪ್ಪುಗಳಿದ್ದರೆ ಮನ್ನಿಸಿ, ಸಿಟ್ಟು ಬಂದಾಗ ಅದು ನನ್ನನ್ನು ಬಿಟ್ಟು ಹೋಗುತ್ತದೆ.

ಮೊದಲು ಕ್ಷಮೆ. ಬಚ್ಚಲಿನ ತಟ್ಟೆಯನ್ನು ಮುಚ್ಚಿದ್ದು ನಮ್ಮ ಮನೆಯಲ್ಲಿದ್ದವರೇ. ನಿಮ್ಮ ಕೆಲಸಗಾರರ ಮೇಲೆ ನಾನು ಹೊರಿಸಿದ ದೂರನ್ನು ವಾಪಸು ಪಡೆಯುತ್ತೇನೆ. ಅವರಿಗೆ ಇದನ್ನು ದಯವಿಟ್ಟು ತಿಳಿಸಿ.

ಇನ್ನು ವರದಿಯ ಎರಡನೇ ಪುಟ. ಡಿಸೆಂಬರ್ ಏಳರಿಂದ ಜನವರಿ ಹದಿನಾಲ್ಕರವರೆಗೆ ಒಂದೇ ಒಂದು ದಿನ ಬಿಟ್ಟು, ಪ್ರತಿದಿನ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಈ ಪಂಪ್ ನೆಲಕ್ಕೆ ಒಂದಿಷ್ಟೂ ಶಾಖ ಕೊಡದೆ ಬರೀ ಬಿಸಿನೀರು ಮಾಡಿದೆ. ಹೆಚ್ಚುವರಿ ಬಿಸಿನೀರಿನ ಗುಂಡಿಯನ್ನು ಮೂವತ್ತೆಂಟು ಸಲ ಒತ್ತಲಾಗಿದೆ. ನೀರಿಗೆ ಮೊದಲ ಆದ್ಯತೆ ಇರುವುದರಿಂದ ಮನೆ ತಣ್ಣಗಾಗಿದೆ ಎಂದು ಬರೆದಿದ್ದೀರಿ. ಈ ಮನೆಯಲ್ಲಿ ಎಷ್ಟು ಜನ ವಾಸವಿದ್ದಾರೆ ಎಂದೂ ಕೇಳಿದ್ದೀರಿ. ಕೊನೆಯಲ್ಲಿ, ಇದು ಅಸಹಜ ಬಳಕೆ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದಿದ್ದೀರಿ.

ಆ ದಿನಗಳಲ್ಲಿ ಮನೆಯಲ್ಲಿದ್ದದ್ದು ನಾಲ್ಕು ಜನ. ನಾನು, ನನ್ನ ಗಂಡ, ಹೊಸ ಮಗು, ನನ್ನ ತಾಯಿ. ನಮ್ಮಲ್ಲಿ ಹೆರಿಗೆಯಾದ ಹೆಣ್ಣಿಗೆ ಅವಳ ತಾಯಿ ಪ್ರತಿದಿನ ಎಣ್ಣೆ ತಿಕ್ಕಿ ಸ್ನಾನ ಮಾಡಿಸುತ್ತಾಳೆ. ಸ್ನಾನವೆಂದರೆ ನಿಮ್ಮ ನಾಲ್ಕು ನಿಮಿಷದ ಶವರ್ ಅಲ್ಲ. ಅವಳನ್ನು ಮಣೆಯ ಮೇಲೆ ಕೂರಿಸಿ, ಸೊಂಟಕ್ಕೂ ಬೆನ್ನಿಗೂ ತಡೆಯುವಷ್ಟು ಬಿಸಿಯ ನೀರನ್ನು ಚೊಂಬಿನಿಂದ ಎರಚಿ ಎರಚಿ ಹಾಕುತ್ತಾರೆ. ನೀರು ಮುಗಿದರೆ ಮತ್ತೆ ಕಾಯುವವರೆಗೆ ಕಂಬಳಿ ಹೊದಿಸಿ ಕೂರಿಸುತ್ತಾರೆ. ಆಮೇಲೆ ಮಗುವಿಗೆ, ಮತ್ತೆ ತಾಯಿಗೆ. ಅದಕ್ಕೆ ಮೂರು ಗಂಟೆ ಬೇಕು. ನನ್ನ ಅಜ್ಜಿಯ ಕಾಲದಿಂದಲೂ ಅದು ಸಹಜ ಬಳಕೆಯೇ.

ನಿಮ್ಮ ಯಂತ್ರದಲ್ಲಿ ನೀರಿನ ಹನಿಯ ಚಿತ್ರವಿರುವ ಗುಂಡಿ ಇದೆ. ಅದನ್ನು ನೀವೇ ಇಟ್ಟದ್ದು. ಒತ್ತಬಾರದೆಂದಿದ್ದರೆ ಇಡಬಾರದಿತ್ತು. ಐದು ಜನರ ಕುಟುಂಬದ ಮನೆ ಎಂದು ಮಾರಿದ ಮನೆಯಲ್ಲಿ ಒಬ್ಬ ಬಾಣಂತಿಯ ಬೆನ್ನಿಗೆ ನೀರು ಹಾಕಿದರೆ ನೆಲ ತಣ್ಣಗಾಗುತ್ತದೆಯೆಂದರೆ ಪಂಪ್ ಚಿಕ್ಕದು. ಆದರೂ ಅದನ್ನು ಬದಲಾಯಿಸಿ ಎಂದು ನಾನು ಇನ್ನು ಕೇಳುವುದಿಲ್ಲ. ದೂರನ್ನು ಮುಚ್ಚಿಬಿಡಿ. ಒಂದೇ ಕೇಳಿಕೆ: ಆ ವರದಿಯಿಂದ ಅಸಹಜ ಎಂಬ ಮಾತನ್ನು ತೆಗೆಯಿರಿ. ಅದು ನನ್ನ ತಾಯಿಯ ಬಗ್ಗೆ ಬರೆದ ಮಾತು.

ಶ್ರದ್ಧಾ


ಶೋವ್ಡೆ
ಏಪ್ರಿಲ್ 6, 2025

ಅಮ್ಮಾ,

ಯೋರಾನ್ ಅವರ ಕ್ಷಮೆ ಕೇಳಿದ್ದೇನೆ.

ವರದಿ ಬಂತು. ವಿಶೇಷವೇನಿಲ್ಲ. ಪಂಪಿನ ಸೆಟ್ಟಿಂಗ್ ಏನೋ ಸರಿ ಇರಲಿಲ್ಲವಂತೆ, ಮೊದಲಿನಿಂದಲೂ ಹಾಗೇ ಇತ್ತಂತೆ. ನೀನು ಬಂದದ್ದಕ್ಕೂ ಮನೆ ತಣ್ಣಗಾದದ್ದಕ್ಕೂ ಸಂಬಂಧವಿಲ್ಲ. ನಾನು ಅಂದೇ ಹೇಳಿದೆನಲ್ಲ, ಆ ಮಾತು ಸುಳ್ಳೆಂದು. ಈಗ ಎಲ್ಲ ಸರಿಯಾಗಿದೆ. ಮನೆ ಬೆಚ್ಚಗಿದೆ.

ಹೊರಗೆ ಹಿಮ ಕರಗಿದೆ. ಅಹನಾ ಮಗ್ಗುಲಾಗುತ್ತಾಳೆ. ಫೋಟೋ ಕಳಿಸಿದ್ದೇನೆ. ಜೂನ್ ವಿಚಾರ ಇನ್ನೊಮ್ಮೆ ಯೋಚಿಸು.

ಶ್ರದ್ಧಾ


ಅರಸೀಕೆರೆ
21-4-2025

ಶ್ರದ್ಧಾ,

ನಿನ್ನ ಈ ಸಲದ ಕಾಗದದಲ್ಲಿ ಒಂದೂ ಅಂಕಿ ಇಲ್ಲ. ಮನೆ ಬೆಚ್ಚಗಿದೆ ಎಂದರೆ ಎಷ್ಟು? ಅರ್ಧ ಡಿಗ್ರಿಗೂ ಲೆಕ್ಕ ಕೊಡುತ್ತಿದ್ದವಳು ಹೀಗೆ ಬರೆದರೆ ನಿನ್ನ ಟೀಚರಿಗೆ ಗೊತ್ತಾಗುವುದಿಲ್ಲವೆಂದುಕೊಂಡೆಯಾ? ಆ ದಾಖಲೆಯಲ್ಲಿ ಏನಿದೆಯೆಂದು ನನಗೆ ಗೊತ್ತು. ದಿನಾ ಬೆಳಿಗ್ಗೆ ಸ್ನಾನದ ಹೊತ್ತು, ಅದೇ ಅಲ್ಲವೇ?

ಒಂಬತ್ತನೇ ತರಗತಿಗೆ ಶಾಖದ ಪಾಠವನ್ನು ಮೂವತ್ತೊಂದು ವರ್ಷ ಮಾಡಿದ್ದೇನೆ ಮಗಳೇ. ನಿನಗೆ ಕಾಲಿಗೆ ಎರಡು ಜೊತೆ ಚೀಲ ಹಾಕಿಸಿ ಮಂಚ ಬಿಟ್ಟು ಇಳಿಯಲು ಬಿಡುತ್ತಿರಲಿಲ್ಲ. ಅಭಿಜಿತ್ ಬೆಳಕು ಹರಿಯುವ ಮೊದಲೇ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಆ ನೆಲದ ಮೇಲೆ ಬರಿಗಾಲಿನಲ್ಲಿ ದಿನವಿಡೀ ಓಡಾಡಿದ್ದು ನಾನೊಬ್ಬಳೇ. ನಿನಗೆ ನೀರು ಹಾಕಿ ಮುಗಿಸುವ ಹೊತ್ತಿಗೆ ನೆಲ ತಣ್ಣಗಾಗಿರುತ್ತಿತ್ತು. ಕತ್ತಲಾದ ಮೇಲೆ ಸ್ವಲ್ಪ ಬೆಚ್ಚಗಾಗಲು ಶುರುವಾಗುತ್ತಿತ್ತು, ಬೆಳಗಾದರೆ ಮತ್ತೆ ಅದೇ. ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ನಿನಗೆ ಜ್ವರ ಬಂತು, ನೀರು ಹಾಕಲಿಲ್ಲ. ಅವತ್ತು ಮಧ್ಯಾಹ್ನಕ್ಕೇ ನೆಲ ಬೆಚ್ಚಗಿತ್ತು. ಅವತ್ತೇ ನನಗೆ ಖಾತ್ರಿಯಾಯಿತು.

ಹೇಳಬಹುದಿತ್ತು. ಹೇಳಿದ್ದರೆ ನೀನೂ ಅಭಿಜಿತನೂ ಕೂಡಲೇ ಸ್ನಾನ ನಿಲ್ಲಿಸುತ್ತಿದ್ದಿರಿ. ಶವರ್ ಸಾಕಮ್ಮ ಅನ್ನುತ್ತಿದ್ದೆ, ನನಗೆ ಗೊತ್ತು. ನೀನು ಹುಟ್ಟಿದಾಗ ನನ್ನ ತಾಯಿ ತೀರಿಹೋಗಿ ವರ್ಷವಾಗಿತ್ತು. ನನಗೆ ಯಾರೂ ನೀರು ಹಾಕಲಿಲ್ಲ. ಒಂಬತ್ತನೇ ದಿನ ನಾನೇ ಬಾವಿಯಿಂದ ಸೇದಿ ನಿನ್ನ ಬಟ್ಟೆ ಒಗೆದೆ. ಆ ಸೊಂಟ ಇವತ್ತಿಗೂ ನೋಯುತ್ತದೆ. ಬಸಿರಾಗಿದ್ದೇನೆ ಎಂದು ನೀನು ಫೋನ್ ಮಾಡಿದ ದಿನವೇ ಇವಳ ಬೆನ್ನಿಗೆ ನಾನು ನೀರು ಹಾಕಿಯೇ ಹಾಕುತ್ತೇನೆಂದು ನಿಶ್ಚಯಿಸಿದ್ದೆ. ನೀನು ಆ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಾಗ ನಿನ್ನ ಭುಜ ಸಡಿಲವಾಗುತ್ತಿತ್ತು. ನೀನು ಬುದ್ಧಿ ಬಂದ ಮೇಲೆ ನನ್ನ ಕೈಗೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಮನೆ ತಣ್ಣಗಾದರೆ ಕಂಪನಿಯನ್ನು ಬೈಯುತ್ತಾಳೆ, ಬೈಯಲಿ ಎಂದುಕೊಂಡೆ. ನನ್ನನ್ನು ಬೈಯುತ್ತೀಯ ಎಂದು ಎಣಿಸಿರಲಿಲ್ಲ.

ನೀವು ಆಸ್ಪತ್ರೆಯಲ್ಲಿದ್ದ ಎರಡು ದಿನ ನಾನು ಬಿಸಿನೀರನ್ನು ಮುಟ್ಟಲಿಲ್ಲ. ಪಾತ್ರೆಯನ್ನೂ ತಣ್ಣೀರಿನಲ್ಲೇ ತೊಳೆದೆ. ನೀವು ಬರುವ ಹೊತ್ತಿಗೆ ಮನೆ ಹದಿನೆಂಟಕ್ಕೆ ಬಂದಿತ್ತು. ನೀವಿಬ್ಬರೂ ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಹಾಗೆ ಹದಿನೆಂಟು ಕಂಡ ಮೇಲೆ ನನಗೆ ಆ ಮನೆಯಲ್ಲಿ ಇರಲಾಗಲಿಲ್ಲ. ಹೊರಟು ಬಂದದ್ದು ಸಿಟ್ಟಿನಿಂದಲ್ಲ.

ಅಂದು ನೀನು ಬಾಗಿಲಲ್ಲಿ ಎರಡು ಮಾತು ಹೇಳಿದೆ. ಮೊದಲನೆಯದು ನಿಜ, ನಿನಗೆ ಗೊತ್ತಿಲ್ಲದೆ ಹೇಳಿದ ನಿಜ. ಎರಡನೆಯದು ಮಗುವಿನ ಮಾತು. ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ದಿನವೆಲ್ಲ ಅವಳನ್ನು ನನ್ನ ಸೆರಗಿನೊಳಗೆ ಎದೆಗೆ ಕಟ್ಟಿಕೊಂಡೇ ಇದ್ದೆ. ಆದರೆ ರಾತ್ರಿ ತೊಟ್ಟಿಲಲ್ಲಿ ಮಲಗುತ್ತಿದ್ದಳಲ್ಲ. ಆ ಉಸಿರಾಟದ ತೊಂದರೆ ಚಳಿಯಿಂದ ಬಂದದ್ದಾ? ನನ್ನಿಂದ ಬಂದದ್ದಾ? ಮೂರು ತಿಂಗಳಿನಿಂದ ಪಾಠ ಮಾಡುತ್ತಾ ಮಾಡುತ್ತಾ ಇದೇ ಯೋಚನೆ, ಬೋರ್ಡಿನ ಮುಂದೆ ನಿಂತು ಬಿಡುತ್ತೇನೆ. ಅಲ್ಲಿಯ ಡಾಕ್ಟರನ್ನು ಕೇಳಿ ಬರೆ. ನಿಜ ಬರೆ. ಕಳೆದ ಸಲದ ಹಾಗೆ ಬರೆಯಬೇಡ.

ಅಮ್ಮ


ಶೋವ್ಡೆ
ಮೇ 6, 2025

ಅಮ್ಮಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೂರು ಉತ್ತರ ಬರೆದು ಹರಿದೆ. ಒಂದರಲ್ಲಿ ನಿನ್ನ ಮೇಲೆ ವಿಪರೀತ ಸಿಟ್ಟು ಮಾಡಿದ್ದೆ. ಸಿಟ್ಟು ಈಗಲೂ ಇದೆ, ಇಲ್ಲವೆನ್ನುವುದಿಲ್ಲ. ಹೇಳಬೇಕಿತ್ತು ನೀನು. ನನ್ನ ಬೆನ್ನಿನ ವಿಷಯ ನನ್ನನ್ನೊಮ್ಮೆ ಕೇಳಬೇಕಿತ್ತು. ಕೇಳಿದ್ದರೆ ಶವರ್ ಸಾಕು ಅನ್ನುತ್ತಿದ್ದೆ, ಅದೂ ನಿಜ. ಆ ಮಣೆಯ ಮೇಲಿದ್ದಷ್ಟು ಬೆಚ್ಚಗೆ ನಾನು ಈ ದೇಶದಲ್ಲಿ ಮತ್ತೆಂದೂ ಇರಲಿಲ್ಲ, ಅದೂ ನಿಜ. ಇವೆಲ್ಲವನ್ನೂ ಒಟ್ಟಿಗೆ ಎಲ್ಲಿಡುವುದೆಂದು ನನಗೆ ತಿಳಿಯುತ್ತಿಲ್ಲ.

ಕಂಪನಿಯ ಕೊನೆಯ ಉತ್ತರವೂ ಬಂದಿದೆ. ದೂರನ್ನು ಮುಚ್ಚಿದ್ದಾರೆ. ಅವರು ನಿನ್ನ ಬಗ್ಗೆ ಬರೆದಿದ್ದ ಒಂದು ಮಾತನ್ನು ತೆಗೆಯಿರಿ ಎಂದು ಕೇಳಿಕೊಂಡಿದ್ದೆ, ವರದಿಯನ್ನು ತಿದ್ದುವ ಪದ್ಧತಿ ಇಲ್ಲವಂತೆ. ಮುಂದಿನ ಚಳಿಗಾಲ ಈ ಪಂಪ್ ಹೇಗಿರುತ್ತದೋ ನೋಡಬೇಕು. ಇವತ್ತು ಬೆಳಿಗ್ಗೆ ಏಳಕ್ಕೆ ಒಳಗೆ ಇಪ್ಪತ್ತೂವರೆ, ಹೊರಗೆ ಒಂಬತ್ತು.

ನಿನ್ನ ಪ್ರಶ್ನೆ. ನಾನು ಡಾಕ್ಟರನ್ನು ಕೇಳಿಲ್ಲ.

ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದಗಳನ್ನೂ ತೆಗೆದು ನೋಡಿಲ್ಲ. ಕೇಳಿ ಬರೆಯಲು ನನಗೆ ಧೈರ್ಯವಿಲ್ಲವೆಂದಲ್ಲ. ನಾನು ಚಳಿಯಿಂದಲ್ಲ ಎಂದು ಬರೆದರೆ ಮಗಳು ಕನಿಕರಕ್ಕೆ ಬರೆದಿದ್ದಾಳೆ ಎಂದುಕೊಳ್ಳುತ್ತೀಯ. ಚಳಿಯಿಂದಲೇ ಎಂದು ಬರೆದರೆ ಅವಳಿಗಿನ್ನೂ ಸಿಟ್ಟು ಹೋಗಿಲ್ಲ ಎಂದುಕೊಳ್ಳುತ್ತೀಯ. ಒಂದು ಕಾಗದದಲ್ಲಿ ಸುಳ್ಳು ಬರೆದು ನಾನೇ ಈ ಗತಿ ತಂದುಕೊಂಡಿದ್ದೇನೆ. ನನ್ನ ಕೈಬರಹದಲ್ಲಿ ಬಂದ ಯಾವ ಉತ್ತರವೂ ಇನ್ನು ನಿನಗೆ ನಿದ್ದೆ ಕೊಡುವುದಿಲ್ಲ.

ಜೂನ್ ನಾಲ್ಕು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅಹನಾಳ ಆರು ತಿಂಗಳ ತಪಾಸಣೆ ಇದೆ. ನಮ್ಮ ಬಡಾವಣೆಯ ಮಕ್ಕಳ ಕೇಂದ್ರದಲ್ಲಿ. ಆ ದಿನ ಡಾಕ್ಟರ್ ಕೂಡ ಇರುತ್ತಾರೆ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆಸ್ಪತ್ರೆಯ ದಾಖಲೆಯೂ ಅವರ ಮುಂದೆಯೇ ಇರುತ್ತದೆ. ಮಗುವಿನ ಅಜ್ಜಿಗೆ ಒಂದು ಪ್ರಶ್ನೆ ಇದೆ, ಅವರು ಒಬ್ಬರೇ ಒಳಗೆ ಬಂದು ಕೇಳುತ್ತಾರೆ ಎಂದು ಹೇಳಿ ಹತ್ತು ನಿಮಿಷ ಹೆಚ್ಚಿಗೆ ತೆಗೆದುಕೊಂಡಿದ್ದೇನೆ. ಶಾಲೆ ತೆರೆಯುವ ವಾರವೆಂದು ಗೊತ್ತು. ಆದರೂ ಬಾ. ಏಳರಿಂದ ಹತ್ತರವರೆಗೆ ಮನೆಯಲ್ಲಿ ಏನಾಯಿತು, ತೊಟ್ಟಿಲ ಹತ್ತಿರ ಎಷ್ಟಿತ್ತು, ಎಷ್ಟು ದಿನ, ಎಲ್ಲವನ್ನೂ ನೀನೇ ಅವರಿಗೆ ಹೇಳು. ಕೇಳಬೇಕಾದದ್ದನ್ನು ಕೇಳು. ಅವರು ಏನು ಹೇಳಿದರೆಂದು ನೀನು ನನಗೆ ಹೇಳಬೇಕಾಗಿಲ್ಲ.

ಒಳಗೆ ನಾನು ಬರುವುದಿಲ್ಲ. ಮಗುವನ್ನೆತ್ತಿಕೊಂಡು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಉತ್ತರ ಯಾವುದೇ ಇರಲಿ, ನೀನು ಆಚೆ ಬಂದ ಕೂಡಲೇ ಅವಳನ್ನು ನಿನ್ನ ಕೈಗೆ ಕೊಡುತ್ತೇನೆ.

ಶ್ರದ್ಧಾ